ಮಳೆಗೂ ಏಳದ ನಿದ್ದೆ

ಮಲ್ಲಕ್ಕ ಮೂಗಿಯೇನಲ್ಲ. ಮೂರು ಸಲ ಕೇಳಿದರೆ ಒಂದು ಮಾತು ಆಡುತ್ತಿದ್ದಳು. ಉಣ್ಣು ಎಂದರೆ ಉಣ್ಣುತ್ತಿದ್ದಳು, ಏಳು ಎಂದರೆ ಏಳುತ್ತಿದ್ದಳು. ಯಾರೂ ಏನೂ ಹೇಳದಿದ್ದರೆ, ಹಿರಿಯೂರಿನ ಮಗ್ಗುಲ ಹಳ್ಳಿಯಲ್ಲಿದ್ದ ಅಣ್ಣನ ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ, ಬಿಸಿಲು ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಸರಿಯುವವರೆಗೂ ಕೂತಿರುತ್ತಿದ್ದಳು. ಮಗಳು ಸತ್ತು ಮೂರು ವರ್ಷವಾಗುತ್ತ ಬಂದಿತ್ತು. ಈ ಮೂರು ವರ್ಷದಲ್ಲಿ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ.

ಅತ್ತಿಗೆ ತಿಪ್ಪಕ್ಕ ಕೆಟ್ಟವಳಲ್ಲ. ಬೇವಿನ ಸೊಪ್ಪಿನಲ್ಲಿ ನಿವಾಳಿಸಿ, ದೇವರ ಭಂಡಾರ ಹಚ್ಚಿ, ಬೈದು, ಬೇಡಿಕೊಂಡು, ಎಲ್ಲ ಮಾಡಿ ನೋಡಿ ಸುಸ್ತಾಗಿದ್ದಳು. ಕೊನೆಗೆ ಗಂಡನಿಗೆ ಹೇಳಿದಳು: "ಕೈಗೆ ಕೆಲ್ಸ ಕೊಟ್ಟು ನೋಡಾಣ. ಕೈ ಆಡ್ತಿದ್ರೆ ಮನಸ್ಸೂ ಆಡೀತು."

ಹಾಗೆಂದು ಎಪ್ಪತ್ತಾರನೇ ಇಸವಿಯ ಗೌರಿಹಬ್ಬ ಕಳೆದ ವಾರ ಅಣ್ಣ ದಾಸಣ್ಣ ಅವಳನ್ನು ಸರ್ಕಾರಿ ಬೇಸಾಯದ ಫಾರಮ್ಮಿಗೆ ಕರೆದುಕೊಂಡು ಹೋದ. ಆ ವರ್ಷ ಕಂಬಳಿಹುಳು ಸುತ್ತಮುತ್ತಲ ಶೇಂಗಾ ಹೊಲಗಳನ್ನೆಲ್ಲ ಕಡ್ಡಿ ಉಳಿಸಿ ಮೇದುಬಿಟ್ಟಿತ್ತು. ಹುಳದ ಪರೀಕ್ಷೆಗೆಂದೇ ಚಿತ್ರದುರ್ಗದ ಕಡೆಯ ಚಿತ್ರಲಿಂಗಪ್ಪ ಎಂಬ ಹುಡುಗುಮುಖದ ಸಾಹೇಬರು ಅಲ್ಲಿಗೆ ಬಂದಿದ್ದರು. ಹೊಲದ ಬದುವಿನಲ್ಲಿ, ಮರದ ಬುಡದಲ್ಲಿ ಮಣ್ಣು ಅಗೆದು, ಜರಡಿ ಹಿಡಿದು, ಹುಳ ಮಣ್ಣೊಳಗೆ ಹೋಗಿ ಕಟ್ಟಿಕೊಂಡ ಕೋಶಗಳನ್ನು ಆರಿಸಿ ಕೊಡುವ ಹೆಣ್ಣಾಳು ಬೇಕಾಗಿತ್ತು.

"ಮಾತು ಕಮ್ಮಿ ಸ್ವಾಮಿ. ಕೆಲ್ಸ ಮಾಡ್ತಾಳೆ" ಎಂದ ದಾಸಣ್ಣ.

"ಹುಳಾನೂ ಮಾತಾಡಲ್ಲ ಬಿಡಪ್ಪ" ಎಂದು ಚಿತ್ರಲಿಂಗಪ್ಪ ನಕ್ಕರು. ಆಮೇಲೆ ಮಲ್ಲಕ್ಕನ ಮುಖ ನೋಡಿ, ನಗಬಾರದಿತ್ತು ಅನ್ನಿಸಿ, ಜರಡಿಯೊಂದನ್ನು ತಂದು ಅವಳ ಕೈಗೆ ಕೊಟ್ಟರು.

*

ಮಲ್ಲಕ್ಕನನ್ನು ಕೊಟ್ಟದ್ದು ರಾಮಗಿರಿ ಬೆಟ್ಟದ ಕೆಳಗಿನ ಒಂದು ಹಟ್ಟಿಗೆ. ಗಂಡ ಕರಿಸಿದ್ದಪ್ಪನಿಗೆ ನೂರಕ್ಕೆ ಒಂದೆರಡು ಕಮ್ಮಿ ಕುರಿ, ಬೆಟ್ಟದ ಮಗ್ಗುಲಿಗೆ ನಾಲ್ಕೆಕರೆ ಕೆಂಪು ನೆಲ. ಮದುವೆಯಾಗಿ ಐದು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಗಿರಿಯಮ್ಮ. ಅಪ್ಪನ ಕಂಬಳಿ ಹೊದ್ದು, ಕೈಯಲ್ಲಿ ಕೋಲು ಹಿಡಿದು, "ಹೋಗಾಣ ಬಾರಲೇ ಕರಿಸಿದ್ದಾ" ಎಂದು ಅಪ್ಪನನ್ನೇ ಹೆಸರು ಹಿಡಿದು ಕೂಗುತ್ತಿದ್ದ ಹುಡುಗಿ ಅದು.

ಎಪ್ಪತ್ಮೂರರ ಕಾರ್ತೀಕದಲ್ಲಿ ಮಗುವಿಗೆ ಗಂಟಲು ಬಾತುಕೊಂಡಿತು. ಜ್ವರ. ಕರಿಸಿದ್ದಪ್ಪ ಕುರಿ ಹೊಡೆದುಕೊಂಡು ಹೊಸದುರ್ಗದ ಆಚೆ ಹೋಗಿದ್ದ. ಅವನಿಗೆ ಹೇಳಿಕಳಿಸಿದರು. ಮಲ್ಲಕ್ಕ ಮಗುವನ್ನು ಎತ್ತಿಕೊಂಡು ಬಸ್ಸಿನ ದಾರಿಗೆ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಒಬ್ಬಳೇ ಹೆಂಗಸು ದುರ್ಗಕ್ಕೆ ಹೋಗಿ ಏನ್ ಮಾಡ್ತೀಯ? ಗಂಡಸು ಬರ್ಲಿ, ತಡಿ." ಮಲ್ಲಕ್ಕ ತಡೆದಳು. ಒಂದು ದಿನ ಕಾದಳು. ಎರಡು ದಿನ ಕಾದಳು. ಮೂರನೆಯ ದಿನ ಬೆಳಗಿನ ಜಾವ ಕರಿಸಿದ್ದಪ್ಪ ಓಡುತ್ತ ಬಂದ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಬಾಯಿ ತೆರೆಸಿ ನೋಡಿ, "ಮೊನ್ನೇನೇ ತಂದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಗಿರಿಯಮ್ಮ ಹೋದಳು. ಹೊಲದ ಮೂಡಲ ಮೂಲೆಯಲ್ಲಿ ಮಣ್ಣು ಮಾಡಿದರು.

ಮಣ್ಣು ಹಾಕಿ ಬಂದ ಮೇಲೆ ಮಲ್ಲಕ್ಕ ಮಲಗಿದಳು. ಎದ್ದಳು, ಮಲಗಿದಳು. ದಿನಗಳೆಂಬುವು ಎಲ್ಲೋ ಹೊರಗೆ ನಡೆಯುತ್ತಿದ್ದವು. ಕರಿಸಿದ್ದಪ್ಪ ಗಂಡಸರು ಮಾಡದ್ದನ್ನೆಲ್ಲ ಮಾಡಿದ. ನೀರು ಕಾಯಿಸಿ ತಲೆಗೆ ಹುಯ್ದ. ಸಿಕ್ಕುಗಟ್ಟಿದ ಕೂದಲನ್ನು, ಕುರಿಯ ತುಪ್ಪಟ ಬಿಡಿಸಿದ ಹಾಗೆ, ಬೆರಳಿನಲ್ಲಿ ಬಿಡಿಸಿದ. ಕುರಿ ಕಾಯಲು ತಮ್ಮನನ್ನು ಬಿಟ್ಟು ವರ್ಷವಿಡೀ ಮನೆಯಲ್ಲೇ ಉಳಿದ. ಅವನು ಕರೆದಷ್ಟೂ ಅವಳು ಒಳಕ್ಕೆ ಸರಿದಳು. ಕೊನೆಗೆ ತವರಿನಲ್ಲಾದರೂ ನೆಟ್ಟಗಾದಾಳು ಎಂದು ದಾಸಣ್ಣ ಕರೆದುಕೊಂಡು ಬಂದ. ಅಲ್ಲಿಗೂ ಕರಿಸಿದ್ದಪ್ಪ ಮೂರು ಸಲ ಬಂದ. ಮೂರನೆಯ ಸಲ ಅಂಗಳದಲ್ಲಿ ಕೂತು, ಒಂದು ಸಜ್ಜೆಯ ದಂಟನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ:

"ಮನೇಲಿ ಎಲ್ರೂ ಒಂದೇ ಸಮ ಹಿಡಿದವ್ರೆ ಮಲ್ಲಿ. ಇನ್ನೊಂದು ಮಾಡ್ಕ ಅಂತ. ನೀನು ಬ್ಯಾಡ ಅನ್ನು, ನಾನು ಮಾಡ್ಕಳಲ್ಲ. ಒಂದು ಸಲ ಬ್ಯಾಡ ಅನ್ನು ಸಾಕು."

ಮಲ್ಲಕ್ಕ ಅವನ ಕೈಯ ದಂಟನ್ನೇ ನೋಡುತ್ತ, "ಮಾಡ್ಕ" ಎಂದಳು.

ಅವನು ದಂಟನ್ನು ಕೆಳಗಿಟ್ಟ. ಆಮೇಲೆ ಎದ್ದು ಹೋದ. ಅದು ಎಪ್ಪತ್ತೈದನೇ ಇಸವಿಯ ಬೇಸಗೆ.

*

ಫಾರಮ್ಮಿನ ಹಿಂಬದಿಯ ಚಪ್ಪರದ ಕೆಳಗೆ ಚಿತ್ರಲಿಂಗಪ್ಪ ಮಣ್ಣಿನ ಕುಂಡಗಳನ್ನು ಸಾಲಾಗಿ ಇಡಿಸಿದ್ದರು. ಒಂದೊಂದು ಕುಂಡದಲ್ಲೂ ಗೇಣುದ್ದ ಕೆಳಗೆ ಹತ್ತು ಕೋಶ. ನೋಡಲು ಹುರಿದ ಹುಣಸೆಬೀಜದ ಬಣ್ಣ, ಅದಕ್ಕಿಂತ ದಪ್ಪ. ಮೊದಲ ಸಾಲಿಗೆ ಅಕ್ಟೋಬರಿನಿಂದಲೇ ನೀರು, ಎರಡನೆಯದಕ್ಕೆ ಡಿಸೆಂಬರಿನಿಂದ, ಹೀಗೆ ಕೊನೆಯ ಸಾಲಿಗೆ ಮೇ ತಿಂಗಳವರೆಗೂ ಒಂದು ಹನಿಯೂ ಇಲ್ಲ. ದಿನಕ್ಕೆ ಎಷ್ಟು ತಂಬಿಗೆ ಎಂದು ಮಲ್ಲಕ್ಕನಿಗೆ ತೋರಿಸಿಕೊಟ್ಟರು.

ಅವಳು ಮೊದಲ ಸಾಲಿಗೆ ನೀರು ಹಾಕಿದಳು. ಹತ್ತು ದಿನವಾಯಿತು, ಇಪ್ಪತ್ತು ದಿನವಾಯಿತು. ಮಣ್ಣು ಮಳೆಗಾಲದ ಹೊಲದ ಹಾಗೆ ಘಮ್ಮೆನ್ನುತ್ತಿತ್ತು, ಗಾಳಿಗೆ ಬಂದು ಬಿದ್ದಿದ್ದ ಹುಲ್ಲಿನ ಬೀಜಗಳು ಮೂರೇ ದಿನಕ್ಕೆ ಹಸಿರಾಗಿ ಎದ್ದವು. ಕೋಶದಿಂದ ಒಂದು ಚಿಟ್ಟೆಯೂ ಬರಲಿಲ್ಲ. ಮಲ್ಲಕ್ಕನಿಗೆ ಏನಾಯಿತೋ, ಯಾರಿಗೂ ಹೇಳದೆ ಒಂದಕ್ಕೆ ಎರಡು ತಂಬಿಗೆ ಹಾಕತೊಡಗಿದಳು. ಆಮೇಲೆ ಮೂರು.

ನವೆಂಬರಿನಲ್ಲಿ ಸಾಹೇಬರು ಆ ಸಾಲಿನ ಎರಡು ಕುಂಡ ಅಗೆಸಿದರು. ಕೋಶಗಳು ಕಪ್ಪಗೆ ಕೊಳೆತು, ಬೆರಳಿಟ್ಟರೆ ಒಡೆದು ನಾರುತ್ತಿದ್ದವು.

"ಇದೇನಮ್ಮ? ನೀರು ಎಷ್ಟು ಹಾಕ್ದೆ?"

ಮಲ್ಲಕ್ಕ ತಲೆ ತಗ್ಗಿಸಿ ಮೂರು ಬೆರಳು ತೋರಿಸಿದಳು. ಬೈಗುಳ ಕಾದಳು. ಸಾಹೇಬರು ಕುಂಡದ ಪಕ್ಕ ಕುಕ್ಕುರುಗಾಲಲ್ಲಿ ಕೂತರು. ಇನ್ನೂ ನೀರು ಹಾಕದ ಪಕ್ಕದ ಸಾಲಿನ ಕುಂಡ ಅಗೆದು ಕೋಶವೊಂದನ್ನು ತೆಗೆದು ಅವಳ ಅಂಗೈಗೆ ಹಾಕಿದರು. "ಬಾಲದ ಕಡೆ ಮುಟ್ಟು."

ಮುಟ್ಟಿದಳು. ಸತ್ತ ಬೀಜದ ಹಾಗಿದ್ದದ್ದು ಒಂದು ಸಲ ಸರಕ್ಕನೆ ಹೊರಳಿತು. ಮಲ್ಲಕ್ಕ ಬೆಚ್ಚಿ ಕೈ ಮುಚ್ಚಿದಳು.

"ಜೀವ ಐತೆ" ಎಂದಳು. ಯಾರೂ ಕೇಳದೆ ಅವಳು ಆಡಿದ ಮಾತು, ಮೂರು ವರ್ಷದಲ್ಲಿ ಅದೇ ಮೊದಲು.

"ಐತೆ. ಆದ್ರೆ ಏಳಲ್ಲ. ನಿದ್ದೇಲಿ ಎರಡು ತರ ಐತಮ್ಮ" ಎಂದರು ಚಿತ್ರಲಿಂಗಪ್ಪ. "ಕೆರೆ ಒಣಗಿದ್ರೆ ಬಸವನಹುಳ ಕೆಸರೊಳಗೆ ಮಲಗ್ತದೆ, ನೋಡಿದೀಯಲ್ಲ? ಅದು ಬರೀ ನಿದ್ದೆ. ನೀರಿಲ್ಲ ಅಂತ ಮಲಗಿದ್ದು. ನೀನು ಇವತ್ತು ನೀರು ಬಿಡು, ಇವತ್ತೇ ಎದ್ದು ನಡೀತದೆ. ಈ ಹುಲ್ಲಿನ ಬೀಜಾನೂ ಹಂಗೇ. ಬಾಗಿಲಿಗೆ ಹೊರಗಿಂದ ಚಿಲಕ ಹಾಕಿದಂಗೆ, ಯಾರು ಬೇಕಾದ್ರೂ ತೆಗೀಬೋದು. ಈ ಕೋಶದ್ದು ಬೇರೆ. ಇದು ಒಳಗಿಂದ ಅಗುಳಿ ಹಾಕ್ಕೊಂಡೈತೆ. ನೀರು ಹಾಕು, ಬಿಸಿಲಿಗಿಡು, ಏನೇ ಮಾಡು, ಅದರ ಕಾಲ ಅದರೊಳಗೇ ಮುಗೀಬೇಕು. ಅದಕ್ಕೆ ಮೊದಲೇ ಮೇಲೆ ಮೇಲೆ ನೀರು ಹುಯ್ದರೆ ಏಳಲ್ಲ, ಕೊಳೀತದೆ."

ಮಲ್ಲಕ್ಕ ಅಂಗೈಯನ್ನು ಬಿಡಿಸದೆ ಕೇಳಿದಳು: "ಎಷ್ಟು ಕಾಲ?"

"ಅದನ್ನ ಕಂಡುಹಿಡಿಯಕ್ಕೇ ನಿನಗೆ ನನಗೆ ಸರ್ಕಾರ ಸಂಬಳ ಕೊಡ್ತಿರೋದು."

"ತಾನಾಗೇ ತೆಗೀತದಾ ಅಗುಳಿ?"

"ತೆಗೀತದೆ. ತೆಗೆದದ್ದು ಹೊರಗೆ ಗೊತ್ತಾಗಲ್ಲ, ಅದೇ ಕಷ್ಟ. ತೆಗೆದ ಮೇಲೂ ಇದೇ ತರ ಸತ್ತಂಗೇ ಬಿದ್ದಿರ್ತದೆ. ಆಗ ಮಾತ್ರ ಅದೂ ಬಸವನಹುಳದ ಹಂಗೆ ಬರೀ ನಿದ್ದೆ. ಒಂದು ಮಳೆ ಬಿದ್ರೆ ಸಾಕು."

ಮಲ್ಲಕ್ಕ ಕೋಶವನ್ನು ಮತ್ತೆ ಮಣ್ಣೊಳಗೆ ಇಟ್ಟು, ಮೇಲೆ ಮಣ್ಣೆಳೆದು, ಕೈ ತೊಳೆಯದೆ ಮನೆಗೆ ಹೋದಳು.

ಡಿಸೆಂಬರಿನಲ್ಲಿ ಸೈಕ್ಲೋನು ಬಂದು ಎರಡು ದಿನ ಜಡಿಮಳೆ ಹಿಡಿಯಿತು. ಊರಿನ ರೈತರು ಫಾರಮ್ಮಿಗೆ ಬಂದು, ಈಗ ಹುಳ ಏಳ್ತವಾ ಎಂದು ಕೇಳಿದರು. ಮಲ್ಲಕ್ಕ ಆಗ ತಾನೇ ನೀರು ಕಂಡಿದ್ದ ಎರಡನೆಯ ಸಾಲಿನ ಕುಂಡಗಳ ಮುಂದೆ ಕೂತು ನೋಡಿದಳು. ಒಂದೂ ಏಳಲಿಲ್ಲ.

*

ಅವಳ ಬದಲಾವಣೆ ಮೊದಲು ಗೊತ್ತಾದದ್ದು ತಿಪ್ಪಕ್ಕನಿಗೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಉಣ್ಣುತ್ತ ಕೂತಿದ್ದ ಮಲ್ಲಕ್ಕ, "ಸಾರಿಗೆ ಉಪ್ಪು ಸಾಲ್ದು" ಎಂದಳು. ತಿಪ್ಪಕ್ಕನ ಕೈಯ ಸೌಟು ಸಾರಿನೊಳಗೇ ಬಿತ್ತು. ಅವಳು ಗಂಡನಿಗೆ ಕೂಡ ಆ ದಿನ ಹೇಳಲಿಲ್ಲ. ಹೇಳಿದರೆ ಬಂದ ಮಾತು ಎಲ್ಲಿ ಓಡಿಹೋದೀತೋ ಎಂಬ ಹೆದರಿಕೆ.

ಉಪ್ಪಿನ ಹಿಂದೆಯೇ ಒಂದೊಂದಾಗಿ ಬಂದವು. ಬಿಸಿಲಿಗೆ ಕಾಲು ಸುಡುವುದು ಗೊತ್ತಾಯಿತು. ಬೇವಿನ ಹೂವಿನ ವಾಸನೆ ಗೊತ್ತಾಯಿತು. ಯುಗಾದಿಯ ಮಾರನೆಯ ದಿನ ಜರಡಿ ಹಿಡಿಯುತ್ತಿದ್ದಾಗ ಮಗಳ ಮುಖ ಇಡಿಯಾಗಿ ಬಂದು ಎದುರಿಗೆ ನಿಂತಿತು. ಮುಂದಿನ ಎರಡು ಹಲ್ಲು ಬಿದ್ದಿದ್ದ, ತುಟಿಯ ಮೇಲೆ ಸಿಂಬಳ ಒಣಗಿದ್ದ ಮುಖ. ಇಷ್ಟು ದಿನ ಆ ಮುಖ ನೆನಪಿಗೇ ಬರುತ್ತಿರಲಿಲ್ಲ. ಮಲ್ಲಕ್ಕ ಜರಡಿ ಕೆಳಗಿಟ್ಟು ಎದೆ ಒತ್ತಿ ಹಿಡಿದುಕೊಂಡಳು. ನೋವು ಎಷ್ಟು ದೊಡ್ಡದಿತ್ತೆಂದರೆ, ಇದನ್ನು ಇಷ್ಟು ದಿನ ತಾನು ಎಲ್ಲಿಟ್ಟಿದ್ದೆ ಎಂದೇ ಅವಳಿಗೆ ಅಚ್ಚರಿಯಾಯಿತು.

ನೋವಿನ ಜೊತೆಗೆ ಕರಿಸಿದ್ದಪ್ಪನೂ ಬಂದ. ನೀರು ಹುಯ್ಯುವಾಗ ಕಣ್ಣಿಗೆ ಸೀಗೆ ಹೋಗದ ಹಾಗೆ ಹಣೆಗೆ ಅಡ್ಡ ಹಿಡಿಯುತ್ತಿದ್ದ ಅವನ ಒರಟು ಅಂಗೈ ಬಂತು. ಅಂಗಳದಲ್ಲಿ ಅವನು ದಂಟು ತಿರುಗಿಸುತ್ತ ಹೇಳಿದ ಮಾತು, ಎರಡು ವರ್ಷ ತಡವಾಗಿ, ಆಗ ಕಿವಿಗೆ ಬಿತ್ತು. 'ಒಂದು ಸಲ ಬ್ಯಾಡ ಅನ್ನು ಸಾಕು.' ಮಾಡ್ಕ ಎಂದದ್ದು ತಾನೇ. ಆದರೆ ಆ ಮಾತು ಆಡಿದ ಹೆಂಗಸು ಯಾರೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಮೇ ಕೊನೆಯಲ್ಲಿ ಕಡೆಯ ಸಾಲಿಗೆ ನೀರು ಬಿಟ್ಟರು. ಎಂಟನೆಯ ದಿನ ಮುಸ್ಸಂಜೆ ಮಣ್ಣು ಅಲುಗಿತು. ಒದ್ದೆ ರೆಕ್ಕೆ ಮುದುಡಿಕೊಂಡ ಬಿಳಿಯ ಚಿಟ್ಟೆಗಳು ಒಂದರ ಹಿಂದೊಂದು ಮೇಲೆ ಬಂದು, ಕುಂಡದ ಅಂಚು ಹತ್ತಿ, ರೆಕ್ಕೆ ಬಿಡಿಸುತ್ತ ಕೂತವು. ಚಿತ್ರಲಿಂಗಪ್ಪ ಪುಸ್ತಕ ಹಿಡಿದು ಮಕ್ಕಳ ಹಾಗೆ ಅತ್ತಿಂದಿತ್ತ ಓಡಾಡಿದರು. "ನೋಡಿದ್ಯಾ ಮಲ್ಲಕ್ಕ! ಅಕ್ಟೋಬರಲ್ಲಿ ಒಂದೂ ಇಲ್ಲ, ಮಾರ್ಚಲ್ಲಿ ಎರಡು, ಈಗ ಪೂರ್ತಿ!"

"ಸ್ವಾಮಿ" ಎಂದಳು ಮಲ್ಲಕ್ಕ. "ಮಳೆ ಬಂದು ಬಿಟ್ಟು ಹೋದ ಮೇಲೆ ಎದ್ದವು ಏನಾಗ್ತವೆ?"

"ಹೊಲದಲ್ಲಿ ಹಸಿರಿರಲ್ಲ. ಮೊಟ್ಟೆ ಇಟ್ರೂ ಮರಿಗೆ ಮೇವಿರಲ್ಲ. ಯಾಕೆ?"

"ನಂಗೆ ಎರಡು ದಿನ ರಜಾ ಬೇಕು."

*

ಹಿರಿಯೂರಿನಿಂದ ಹೊಸದುರ್ಗ, ಅಲ್ಲಿ ಬಸ್ಸು ಬದಲಿಸಿ ರಾಮಗಿರಿ. ದಾಸಣ್ಣ ಜೊತೆಗೆ ಬರುತ್ತೇನೆಂದರೂ ಅವಳು ಬೇಡವೆಂದಳು. ಏನು ಕೇಳಲು ಹೋಗುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಬೆಟ್ಟದ ಮೇಲೆ ಮೋಡ ಕೂತಿತ್ತು, ಹೊಲಗಳಲ್ಲಿ ಬಿತ್ತನೆ ನಡೆದಿತ್ತು.

ಹಟ್ಟಿಯ ಅಂಗಳಕ್ಕೆ ಕಾಲಿಡುವಾಗಲೇ ಒಳಗಿನಿಂದ ಹೆಣ್ಣಿನ ದನಿ ಕೇಳಿತು. "ಗಿರಿಯಮ್ಮಾ, ಮಣ್ಣು ತಿನ್ನಬ್ಯಾಡ ಕಣೇ. ಏ ಗಿರಿಯಮ್ಮಾ!"

ಮಲ್ಲಕ್ಕನ ಕಾಲುಗಳು ಅಲ್ಲೇ ನಿಂತವು. ಕುರಿದೊಡ್ಡಿಯ ಮಗ್ಗುಲಿಂದ ವರ್ಷದ ಕೂಸೊಂದು ಅಂಬೆಗಾಲಲ್ಲಿ ಬಂದು, ಬಾಯಲ್ಲಿ ಮಣ್ಣು ತುಂಬಿಕೊಂಡು, ಅವಳ ಮುಖ ನೋಡಿತು.

ಕರಿಸಿದ್ದಪ್ಪ ಎರಡನೆಯದಾಗಿ ಮಾಡಿಕೊಂಡಿದ್ದ ಓಬಕ್ಕ ಹೊರಗೆ ಬಂದಳು. ಇಪ್ಪತ್ತರ ಹುಡುಗಿ. ಅಂಗಳದಲ್ಲಿ ನಿಂತವಳು ಯಾರೆಂದು ಒಂದು ಸಲ ನೋಡಿದ್ದಕ್ಕೇ ಗೊತ್ತಾಯಿತು ಅವಳಿಗೆ. ತಂಬಿಗೆಯಲ್ಲಿ ನೀರು ತಂದಿಟ್ಟಳು, ಚಾಪೆ ಹಾಸಿದಳು. "ಕುಂತ್ಕ ಅಕ್ಕಾ." ಆಮೇಲೆ ತಪ್ಪು ಮಾಡಿದವಳ ಹಾಗೆ, "ಹೆಸರು ಇವರೇ ಇಟ್ಟಿದ್ದು" ಎಂದಳು.

"ಒಳ್ಳೇ ಹೆಸರು" ಎಂದು ಮಲ್ಲಕ್ಕ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು. ಕೂಸು ಅವಳ ಬೆರಳು ಹಿಡಿದು ಕಚ್ಚಿತು. ಅದಕ್ಕೆ ಹೊಸ ಹಲ್ಲು ಎರಡು ಬಂದಿದ್ದವು.

ಕರಿಸಿದ್ದಪ್ಪ ಹೊಲದಿಂದ ಬಂದವನು ಅಂಗಳದ ನಡುವೆ ಕಂಬಳಿ ಜಾರಿದ್ದೂ ತಿಳಿಯದೆ ನಿಂತುಬಿಟ್ಟ. ತಲೆ ಅರ್ಧ ನೆರೆತಿತ್ತು. ಓಬಕ್ಕ ಕೂಸನ್ನೆತ್ತಿಕೊಂಡು, ಹಿತ್ತಲಿಗೆ ಕಟ್ಟಿಗೆ ತರಲು ಹೋದಳು.

"ಮಾತಾಡ್ತೀಯಾ?" ಎಂದ ಅವನು.

"ಹೂಂ."

"ಯಾವಾಗಿಂದ?"

"ಶಿವರಾತ್ರಿಯಿಂದ."

ಅವನು ಗೋಡೆ ಹಿಡಿದುಕೊಂಡು ಕೂತ. ಬೆರಳು ಮಡಿಚಿ ಮಡಿಚಿ ಏನನ್ನೋ ಎಣಿಸಿದ. "ನಾನು ಇನ್ನೆರಡು ವರ್ಷ ತಡೆದಿದ್ರೆ ಆಗ್ತಿತ್ತು. ನೀನು ಎದ್ದೇಳ್ತೀಯ ಅಂತ ಯಾರೂ ಹೇಳ್ಲಿಲ್ಲ ಮಲ್ಲಿ."

"ನಂಗೂ ಯಾರೂ ಹೇಳಿರ್ಲಿಲ್ಲ."

ಒಲೆಯ ಮೇಲೆ ಮುದ್ದೆಗಿಟ್ಟ ಎಸರು ಉಕ್ಕಿ ಸುಂಯ್ಯೆಂದಿತು. ಇಬ್ಬರೂ ಏಳಲಿಲ್ಲ.

"ಎರಡು ದಿನ ನಿನ್ನ ದಾರಿ ಕಾದೆ" ಎಂದಳು ಮಲ್ಲಕ್ಕ. ಈ ಮಾತು ಹೇಳಲೆಂದೇ ಬಂದೆನೆಂದು ಹೇಳುವಾಗ ತಿಳಿಯಿತು. "ಕಾಯಬಾರದಿತ್ತು. ನಿಮ್ಮವ್ವನ್ನ ದಬ್ಬಿ ಎತ್ಕೊಂಡು ಹೋಗ್ಬೇಕಿತ್ತು. ನಾನು ತಡೆದೆ."

"ನೀನಲ್ಲ." ಕರಿಸಿದ್ದಪ್ಪ ತಲೆ ಅಲ್ಲಾಡಿಸಿದ. "ಸುದ್ದಿ ನಂಗೆ ಮೊದಲ್ನೇ ದಿನಾನೇ ಮುಟ್ಟಿತ್ತು. ಹೊಸದುರ್ಗದ ಸಂತೇಲಿ. ಮಕ್ಕಳಿಗೆ ಜ್ವರ ಬರ್ತಾನೇ ಇರ್ತದೆ, ಟಗರು ಮಾರ್ಕೊಂಡೇ ಹೋಗಾಣ ಅಂತ ನಿಂತ್ಕಂಡೆ. ಒಂದು ಟಗರು ಮಲ್ಲಿ. ಅದಕ್ಕೇ ನಿನ್ನ ಕಾಲ ಹತ್ರ ವರ್ಷ ಕೂತೆ. ಹೇಳಾಣ ಹೇಳಾಣ ಅಂತ. ನೀನು ಮುಖ ಎತ್ಲಿಲ್ಲ."

ಮಲ್ಲಕ್ಕ ಅವನನ್ನು ನೋಡಿದಳು. ಸಿಟ್ಟು ಬರಬೇಕಿತ್ತು. ಬಂತು ಕೂಡ, ಅವನ ನೆರೆತ ತಲೆಯವರೆಗೆ ಬಂದು ನಿಂತಿತು.

"ಮಗೀನ ಗುಡ್ಡೆ ಎಲ್ಲಿ ಐತೆ ತೋರ್ಸು" ಎಂದಳು.

ಹೊಲದ ಮೂಡಲ ಮೂಲೆಗೆ ಹೋದರು. ಗುಡ್ಡೆ ಎಂಬುದು ಇರಲಿಲ್ಲ. ಮಳೆಗಳು ಬಿದ್ದು ಮಣ್ಣು ಸಮವಾಗಿ, ಒಂದು ತಂಗಡಿ ಗಿಡ ಬೆಳೆದಿತ್ತು. ಕರಿಸಿದ್ದಪ್ಪ ಇಟ್ಟಿದ್ದ ನಾಲ್ಕು ಕಲ್ಲಿನಲ್ಲಿ ಎರಡು ಮಣ್ಣಲ್ಲಿ ಹೂತಿದ್ದವು. ಮಲ್ಲಕ್ಕ ಮೊಣಕಾಲೂರಿ ಎರಡೂ ಕೈಯಲ್ಲಿ ಮಣ್ಣು ತೋಡಿ ಆ ಕಲ್ಲುಗಳನ್ನು ಮೇಲೆತ್ತಿದಳು. ಆಮೇಲೆ ಮಗಳು ಎಷ್ಟುದ್ದ ಇದ್ದಳೋ ಅಷ್ಟುದ್ದದ ಜಾಗದ ಮೇಲೆ ಬೋರಲು ಮಲಗಿ ಅತ್ತಳು. ಮೂರೂವರೆ ವರ್ಷದ ಅಳು. ಬಿತ್ತುತ್ತಿದ್ದ ಪಕ್ಕದ ಹೊಲದವರು ಎತ್ತು ನಿಲ್ಲಿಸಿ ನೋಡಿದರು. ಕರಿಸಿದ್ದಪ್ಪ ಮಾರು ದೂರದಲ್ಲಿ ಕೂತು, ತಲೆ ಮೊಣಕಾಲಿಗೆ ಕೊಟ್ಟು ಅತ್ತ. ಅವಳ ಬೆನ್ನ ಮೇಲೆ ಕೈಯಿಡಲು ಎರಡು ಸಲ ಎದ್ದು, ಎರಡು ಸಲವೂ ಕೂತ.

ಮಧ್ಯಾಹ್ನ ಓಬಕ್ಕ ಮೂವರಿಗೂ ಮುದ್ದೆ ಬಡಿಸಿದಳು. "ಇಲ್ಲೇ ಇರು ಅಕ್ಕಾ. ಈ ಮನೆ ಮೊದಲು ನಿಂದೇ" ಎಂದಳು. ಬಾಯಿಮಾತಿಗೆ ಹೇಳಿದ್ದಲ್ಲ, ಆದರೆ ಹೇಳುವಾಗ ಅವಳ ಕೈ ಕೂಸನ್ನು ಬಿಗಿಯಾಗಿ ಹಿಡಿದಿತ್ತು. ಮಲ್ಲಕ್ಕ ಅದನ್ನು ನೋಡಿದಳು. "ಸೋಮವಾರ ಕೆಲಸಕ್ಕೆ ಹೋಗ್ಬೇಕು ಕಣವ್ವ" ಎಂದು ತಟ್ಟೆಯಲ್ಲೇ ಕೈ ತೊಳೆದಳು.

ಬಸ್ಸಿನ ದಾರಿಯವರೆಗೆ ಕರಿಸಿದ್ದಪ್ಪ ಜೊತೆಗೆ ಬಂದ. ಇಬ್ಬರ ನಡುವೆ ಮದುವೆಯ ಹೊಸತರಲ್ಲಿ ಇರುತ್ತಿದ್ದಷ್ಟೇ ದೂರ. ಬಸ್ಸು ಬಂತು. ಮಲ್ಲಕ್ಕ ಹತ್ತಿದಳು. ಅವನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕಂಬಿ ಹಿಡಿದೇ ನಿಂತಿದ್ದ.

"ಎಲ್ಲಿಗಮ್ಮ?" ಕಂಡಕ್ಟರು ಕೇಳಿದ.

"ಹೊಸದುರ್ಗ."

ಕಂಡಕ್ಟರು ಅವಳನ್ನೂ ಅವನನ್ನೂ ನೋಡಿದ. "ಎಷ್ಟು ಟಿಕೀಟು? ಒಂದಾ, ಎರಡಾ?"

ಕರಿಸಿದ್ದಪ್ಪ ಕಂಬಿ ಬಿಡಲಿಲ್ಲ. ಅವಳ ಬಾಯನ್ನೇ ನೋಡುತ್ತಿದ್ದ. ಹೊಲಗಳ ಆಚೆ, ಹಟ್ಟಿಯ ಕಡೆಯಿಂದ ಒಲೆಯ ಹೊಗೆ ಏಳುತ್ತಿತ್ತು.

"ಒಂದು" ಎಂದಳು ಮಲ್ಲಕ್ಕ.

ಅವನು ಕಂಬಿ ಬಿಟ್ಟ. ಬಸ್ಸು ಹೊರಟಿತು. ಅವಳು ಸೀಟಿನ ಅಂಚಿನಲ್ಲಿ ಕೂತು, ಸೆರಗು ಬಾಯಿಗಿಡದೆ, ದನಿ ತೆಗೆದು ಅತ್ತಳು. ಪಕ್ಕದಲ್ಲಿದ್ದ ಮುದುಕಿ ಏನು ಎತ್ತ ಎಂದು ಕೇಳಲಿಲ್ಲ. ತನ್ನ ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡು, ಕಿಟಕಿಯ ಕಡೆ ಜಾಗ ಬಿಟ್ಟು, "ಇತ್ಲಾಗೆ ಬಾ, ಗಾಳಿ ಬತ್ತೈತೆ" ಎಂದಳು.